ಗಾಯ ಮಾಯ್ದ ಮೇಲಿನ ಚಿಕಿತ್ಸೆ

ಗಾಯವು ಮಾಯ್ದು, ಪಟ್ಟಿಯನ್ನು ಬಿಚ್ಚಿ, ರೋಗಿಯನ್ನು ಮನೆಗೆ ಕಳುಹಿಸಿದೊಡನೆ ಚಿಕಿತ್ಸೆಯು ಮುಗಿಯಿತೆಂದು ಎಲ್ಲರೂ ಭಾವಿಸುವರಾದರೂ, ಆಳವಾಗಿ ಬೆಂದ ಕೈಯ ಮಟ್ಟಿಗೆ ಮುಖ್ಯವಾದ ಸಂಕಟವು ಪ್ರಾರಂಭವಾಗುವುದು ಬಹುಮಟ್ಟಿಗೆ ಆ ದಿನದಿಂದಲೇ. ಹೊಸದಾಗಿ ಹುಟ್ಟುವ ಕಲೆಯೊಳಗೆ ಸ್ನಾಯುವಿನಂತೆ ಸಂಕೋಚಗೊಳ್ಳಬಲ್ಲ ಜೀವಕೋಶಗಳಿದ್ದು, ಅವು ತಿಂಗಳುಗಟ್ಟಲೆ ಬೆರಳುಗಳನ್ನು ಸೆಳೆಯುತ್ತಲೇ ಇರುತ್ತವೆ. ಕೈ ಮುರುಟಿಹೋಯಿತೆಂದು ಮನೆಯವರು ಮರುಗುವುದು ಆಮೇಲೆ.

ನಡೆಯಲು ಕಲಿಯುತ್ತಿರುವ ಕೂಸು ಕಾದ ಕಾವಲಿಯ ಮೇಲೆ ಅಂಗೈಯನ್ನೂರಿತೆನ್ನಿ. ನೋವಿಗೆ ಅಂಜಿ ಅದು ಮುಷ್ಟಿಯನ್ನು ಮಡಿಸಿಕೊಳ್ಳುತ್ತದೆ. ತಾಯಿಯು ಕನಿಕರದಿಂದ ಹಾಗೆಯೇ ಬಿಡುತ್ತಾಳೆ. ಹಾಯೆನಿಸಿದ ಆ ಭಂಗಿಯೇ ಕೆಲವು ವಾರಗಳಲ್ಲಿ ಬಂಧನವಾಗುತ್ತದೆ. ಮೂಳೆ ಬೆಳೆಯುತ್ತದೆ, ಕಲೆಯು ಅದಕ್ಕೆ ಸರಿಯಾಗಿ ಬೆಳೆಯಲೊಲ್ಲದು.

ಇಂತಹ ಕೈಯನ್ನು ಬಿಡಿಸುವ ಶಸ್ತ್ರವೈದ್ಯರ ಕೌಶಲವು ವಂದನೀಯವಾದುದು. ಬಿಗಿದ ಕಲೆಯನ್ನು ಕೊಯ್ದು, ನರಗಳಿಗೂ ರಕ್ತನಾಳಗಳಿಗೂ ಊನವಾಗದಂತೆ ಬೆರಳನ್ನು ನೆಟ್ಟಗಾಗಿಸಿ, ಸಣ್ಣ ಉಕ್ಕಿನ ತಂತಿಯಿಂದ ಆ ನಿಲುವನ್ನು ಕಾಯ್ದು, ತೆರೆದ ಜಾಗಕ್ಕೆ ತೊಡೆಸಂದಿನಿಂದ ತೆಗೆದ ಪೂರ್ಣದಪ್ಪದ ಚರ್ಮವನ್ನು, ತೆಳುಚರ್ಮಕ್ಕಿಂತ ಅದು ಕಡಿಮೆ ಕುಗ್ಗುವುದೆಂಬ ಕಾರಣಕ್ಕಾಗಿ, ಅವರು ಕಸಿಮಾಡುತ್ತಾರೆ. ಮೂಳೆಯೋ ಸ್ನಾಯುರಜ್ಜುವೋ ಬಯಲಾದರೆ, 1972ರಲ್ಲಿ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬಿಬ್ಬರು ವಿವರಿಸಿದ ಕ್ರಮದಂತೆ ಕೈಯನ್ನು ತೊಡೆಸಂದಿನ ಚರ್ಮಕ್ಕೆ ಸುಮಾರು 3 ವಾರ ಹೊಲಿದಿಟ್ಟು, ಆ ಚರ್ಮವು ಕೈಯ ರಕ್ತದಿಂದಲೇ ಬದುಕಲು ಸಮರ್ಥವಾದ ಬಳಿಕ ಬೇರ್ಪಡಿಸುವುದೂ ಉಂಟು.

ಇಷ್ಟೆಲ್ಲ ಶ್ರಮಪಟ್ಟು ಬಿಡಿಸಿದ ಬೆರಳು, ಅದನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಮತ್ತು ವ್ಯಾಯಾಮಗಳಿಲ್ಲದೆ ಹೋದರೆ, ಮತ್ತೆ ಮಡಿಸಿಕೊಳ್ಳುತ್ತದೆ. ಮೊದಲ ವಾರದಲ್ಲಿಯೇ ಬೆರಳುಗಳಿಗೆ ಬೇರೆ ಬೇರೆಯಾಗಿ ಪಟ್ಟಿ ಸುತ್ತಿ, ಕೈಯನ್ನು ಸರಿಯಾದ ನಿಲುವಿನಲ್ಲಿ ಕಟ್ಟಿದ್ದರೆ ಎಷ್ಟೋ ಮಂದಿಗೆ ಈ ಶಸ್ತ್ರಕ್ರಿಯೆಯೇ ಬೇಕಾಗುತ್ತಿರಲಿಲ್ಲ. ಅದಕ್ಕೆ ಮಹಾಯಂತ್ರಗಳು ಬೇಡ. ಪ್ಲಾಸ್ಟರಿನ ಹಲಗೆಯೊಂದು, ಕೆಲಸ ಬಲ್ಲ ಫಿಸಿಯೋಥೆರಪಿಸ್ಟರೊಬ್ಬರು ಸಾಕು. ರಾಯಚೂರಿನ ಕೂಲಿಕಾರನು ಸ್ಪ್ಲಿಂಟ್ ಸಡಿಲವಾಯಿತೆಂದು ಪ್ರತಿಸಲವೂ ದಿನಗೂಲಿಯನ್ನು ಬಿಟ್ಟು, 400 ಕಿಲೋಮೀಟರಿನಷ್ಟು ದೂರದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಮಗುವನ್ನೆತ್ತಿಕೊಂಡು ಬರಬೇಕೆಂಬುದು ನ್ಯಾಯವಲ್ಲ. ಈ ಸೌಕರ್ಯವು ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ದೊರೆಯಬೇಕು. ಶಸ್ತ್ರಕ್ರಿಯೆಗೆ ಹಣ ಕೊಡುವ ಸರ್ಕಾರವು ಅನಂತರದ ಒಂದು ವರ್ಷದ ಸ್ಪ್ಲಿಂಟ್, ವ್ಯಾಯಾಮ ಹಾಗೂ ಬಸ್ಸಿನ ವೆಚ್ಚವನ್ನೂ ಅದೇ ಚಿಕಿತ್ಸೆಯ ಭಾಗವೆಂದು ವಹಿಸಿಕೊಳ್ಳಬೇಕು. ಮನೆಗೆ ಕಳುಹಿಸುವಾಗ ಕೊಡುವ ಚೀಟಿಯಲ್ಲಿ ಮುಂದಿನ ತಪಾಸಣೆಯ ದಿನವನ್ನೂ ಸ್ಥಳವನ್ನೂ ಬರೆದಿರತಕ್ಕದ್ದು.