ಚಂದ್ರನ ಆಚೆ ಬದಿಯ ನಲವತ್ತಮೂರು ನಿಮಿಷ

ಈ ಅಂಕಣದಲ್ಲಿ ಪ್ರತಿ ಸಲವೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಬರೆದು ನಿಮ್ಮ ಹಬ್ಬದ ಹೋಳಿಗೆಯ ರುಚಿ ಕೆಡಿಸುತ್ತೇನೆಂಬ ಆಪಾದನೆ ನನ್ನ ಮೇಲಿದೆ. ಅದಕ್ಕೇ ಈ ದೀಪಾವಳಿಗೆ ವೈದ್ಯಕೀಯಕ್ಕೆ ಅರ್ಧ ರಜೆ. ಅರ್ಧವೇ ಯಾಕೆಂದರೆ, ನಾನು ಹೇಳಹೊರಟಿರುವ ಸಂಗೀತ ಶುರುವಾಗುವುದೇ ಎದೆಬಡಿತದಿಂದ!

1973ರ ಮಾರ್ಚಿನಲ್ಲಿ ಬಂದ ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂ ಅದು. ಹೆಸರು ಕೇಳಿರದಿದ್ದರೂ ಚಿತ್ರ ನೋಡಿಯೇ ಇರುತ್ತೀರಿ. ಕಪ್ಪು ಹಿನ್ನೆಲೆ, ನಡುವೆ ಒಂದು ಪ್ರಿಸಂ, ಬಿಳಿ ಬೆಳಕಿನ ಗೆರೆ ಒಳಹೊಕ್ಕು ಬಣ್ಣಬಣ್ಣವಾಗಿ ಹೊರಬರುತ್ತದೆ. ನಿಮ್ಮ ಮಗನೋ ಮಗಳೋ ಆ ಚಿತ್ರದ ಟೀ ಶರ್ಟ್ ಹಾಕಿಕೊಂಡು ನಮ್ಮ ಸಂಘದ ಕಾರ್ಯಕ್ರಮಕ್ಕೇ ಬಂದಿರಬಹುದು. (ಎಣಿಸಿ ನೋಡಿ, ಬಣ್ಣ ಆರೇ ಇವೆ.) ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇದು ಮೊದಲ ಸ್ಥಾನದಲ್ಲಿ ಇದ್ದದ್ದು ಒಂದೇ ಒಂದು ವಾರ. ಆದರೆ 1973ರಿಂದ 1988ರೊಳಗೆ ಆ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ಒಟ್ಟು 741 ವಾರ! ನಾನು ಪ್ರೈಮರಿ ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದಾಗಲೂ ಅದು ಅಲ್ಲಿತ್ತು. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್‌ಗೆ ಸೇರಿದಾಗಲೂ ಅಲ್ಲೇ ಇತ್ತು. ನಮ್ಮ ಹಾಸ್ಟೆಲಿಗೆಲ್ಲ ಇದ್ದದ್ದು ಒಂದೇ ಕ್ಯಾಸೆಟ್ಟು. ಅದು ಕೋಣೆಯಿಂದ ಕೋಣೆಗೆ ಸುತ್ತಿ, ಸಿಕ್ಕಿಹಾಕಿಕೊಂಡಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿಸಿಕೊಂಡು, ಕೊನೆಗೆ ಒಂದು ದಿನ ಹರಿದೇ ಹೋಯಿತು.

ಎದೆಬಡಿತದ ಸಂಗತಿಗೆ ಬರುತ್ತೇನೆ. ಮೊದಲು ಆಸ್ಪತ್ರೆಯಲ್ಲಿ ಧ್ವನಿಮುದ್ರಿಸಿದ ನಿಜವಾದ ಹೃದಯದ ಸದ್ದನ್ನೇ ಹಾಕಿ ನೋಡಿದರಂತೆ. ಕೇಳುವವರಿಗೆ ಗಾಬರಿಯಾಗುವಂತಿತ್ತು. ಆಮೇಲೆ ಡ್ರಮ್ಮರ್ ನಿಕ್ ಮೇಸನ್, ದೊಡ್ಡ ಡ್ರಮ್ಮಿಗೆ ಮೆತ್ತೆ ಕೊಟ್ಟು ಮೆತ್ತನೆಯ ಕೋಲಿನಿಂದ ಹೊಡೆದಾಗ ಅದೇ ಹೆಚ್ಚು ನಿಜ ಅನ್ನಿಸಿತು. ನಿಮಿಷಕ್ಕೆ 72 ಬಡಿತ ಸಂಗೀತಕ್ಕೆ ಜಾಸ್ತಿಯಾಯಿತೆಂದು, ಯಾವ ಹೃದ್ರೋಗ ತಜ್ಞನೂ ಹುಬ್ಬೇರಿಸುವಷ್ಟು ನಿಧಾನ ಮಾಡಿದೆವು ಎಂದು ಮೇಸನ್ ತಮ್ಮ ಪುಸ್ತಕದಲ್ಲಿ ತಮಾಷೆ ಮಾಡಿದ್ದಾರೆ. ಸ್ಟೆತಸ್ಕೋಪಿನಲ್ಲಿ ಅಂಥ ಬಡಿತ ಕೇಳಿಸಿದರೆ ನಾನಂತೂ ಆ ಮನುಷ್ಯನನ್ನು ಇಸಿಜಿ ತೆಗೆಸದೆ ಮನೆಗೆ ಕಳಿಸಲಾರೆ.

ಆ ಕಾಲದ ಪ್ರೋಗ್ರೆಸಿವ್ ರಾಕ್ ತಂಡಗಳಿಗೆ ಪಾಂಡಿತ್ಯ ಪ್ರದರ್ಶನದ ಚಟವಿತ್ತು. ಅದೇ 1973ರಲ್ಲಿ 'ಯೆಸ್' ಎಂಬ ತಂಡ, ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶಾಸ್ತ್ರಗಳ ಬಗ್ಗೆ ಇದ್ದ ಒಂದು ಅಡಿಟಿಪ್ಪಣಿಯನ್ನು ಹಿಡಿದುಕೊಂಡು ಎರಡು ಎಲ್‌ಪಿಗಳ ಆಲ್ಬಂ ಮಾಡಿತು. ನಾಲ್ಕೇ ರಚನೆ, ಸುಮಾರು 80 ನಿಮಿಷ. ನಮ್ಮವರ ಪುಸ್ತಕ ಎಂಬ ಅಭಿಮಾನದಿಂದ ಕೂತೆ, ಮೂರನೆಯದಕ್ಕೆ ತೂಕಡಿಸಿದೆ. ಪಿಂಕ್ ಫ್ಲಾಯ್ಡ್ ಆರಿಸಿಕೊಂಡದ್ದು ಶಾಸ್ತ್ರವನ್ನಲ್ಲ. ಕಾಲ, ದುಡ್ಡು, ಸಾವು, ಮನಸ್ಸಿನ ಸ್ವಾಸ್ಥ್ಯ. ನೀವು ನಾವು ರಾತ್ರಿ ನಿದ್ದೆ ಬಾರದೆ ಹೊರಳಾಡುವುದು ಇವುಗಳಿಗೇ ತಾನೆ?

'ಟೈಮ್' ಹಾಡನ್ನೇ ತೆಗೆದುಕೊಳ್ಳಿ. ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದೇ ಗಡಿಯಾರದ ಸದ್ದು ಹಿಡಿದು ತಂದಿದ್ದರು. ಅವೆಲ್ಲ ಒಟ್ಟಿಗೇ ಬಡಿದುಕೊಳ್ಳುತ್ತವೆ. ಇದನ್ನು ಬರೆದಾಗ ರಾಜರ್ ವಾಟರ್ಸ್‌ಗೆ ಮೂವತ್ತೂ ತುಂಬಿರಲಿಲ್ಲ. ಬದುಕು ಇನ್ನು ಮುಂದೆ ಶುರುವಾಗುತ್ತದೆ ಎಂದು ಕಾಯುತ್ತಾ ಕೂತವನಿಗೆ, ಅದು ಆಗಲೇ ಅರ್ಧ ದಾರಿ ಹೋಗಿದೆ ಎಂದು ಗೊತ್ತಾಗುವ ಹಾಡು. ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನಾವೆಲ್ಲ ಏನು ಹೇಳುತ್ತಿದ್ದೆವು? "ಐದು ವರ್ಷ ದುಡಿದು ಊರಿಗೆ ವಾಪಸ್." ಆಮೇಲೆ ಮಗಳ ಜಿಸಿಎಸ್‌ಇ ಮುಗಿಯಲಿ, ಮನೆಯ ಮಾರ್ಟ್‌ಗೇಜ್ ತೀರಲಿ, ಪೆನ್ಶನ್ ಕೈಗೆ ಬರಲಿ... ಹಾಸ್ಟೆಲಿನಲ್ಲಿ ಈ ಹಾಡಿನ ಗಿಟಾರ್ ಮಾತ್ರ ನನಗೆ ಕೇಳಿಸುತ್ತಿತ್ತು. ಊರಿನಲ್ಲಿ ಅಪ್ಪ ತೀರಿಕೊಂಡ ವರ್ಷ ಮಾತುಗಳೂ ಕೇಳಿಸಿದವು.

'ಮನಿ' ಹಾಡಿನ ನಡೆ ಏಳರದು, ನಮ್ಮ ಮಿಶ್ರಛಾಪಿನ ಲೆಕ್ಕ. ತಕಿಟ ತಕಧಿಮಿ ಎಂದು ತೊಡೆ ತಟ್ಟಿ ನೋಡಿ, ಕೂಡುತ್ತದೆ. ಡೇವಿಡ್ ಗಿಲ್ಮೋರ್ ಗಿಟಾರ್ ಬಿಚ್ಚಿಕೊಳ್ಳುವಾಗ ಮಾತ್ರ ನಾಲ್ಕಕ್ಕೆ ಇಳಿಯುತ್ತದೆ.

ಸಾವಿನ ಕುರಿತಾದ ರಚನೆಗೆ ಸಾಹಿತ್ಯವೇ ಇಲ್ಲ. ರಿಚರ್ಡ್ ರೈಟ್ ಅವರ ಪಿಯಾನೋ, ಅದರ ಮೇಲೆ ಹೆಣ್ಣುದನಿಯ ಆಲಾಪನೆ, ಅಷ್ಟೇ. ಹಾಡಿದಾಕೆ ಕ್ಲೇರ್ ಟಾರಿ, ಆಗ 25 ವರ್ಷ. 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಬಂದು, ಮಾತಿಲ್ಲದೆ ಹಾಡಿ, 30 ಪೌಂಡ್ ಪಡೆದು ಮನೆಗೆ ಹೋದರು. ಅಳು, ಹಟ, ಕೋಪ, ಕೊನೆಗೆ ಒಂದು ಬಗೆಯ ಸಮಾಧಾನ ಎಲ್ಲವೂ ಆ ನಾಲ್ಕೂ ಮುಕ್ಕಾಲು ನಿಮಿಷದಲ್ಲಿವೆ. ವಾರ್ಡಿನಲ್ಲಿ ಕೊನೆಯ ಗಳಿಗೆಗಳನ್ನು ಕಂಡವನಾಗಿ ಹೇಳುತ್ತೇನೆ, ಆ ಕ್ರಮ ಸುಳ್ಳಲ್ಲ. ಮೂರು ದಶಕ ಕಳೆದ ಮೇಲೆ, 2004ರಲ್ಲಿ, ಆಕೆ ಕೋರ್ಟಿಗೆ ಹೋದರು. 2005ರಲ್ಲಿ ರಾಜಿಯಾಗಿ ಅವರ ಹೆಸರೂ ರಚನಕಾರರ ಜಾಗದಲ್ಲಿ ಸೇರಿತು. ನನ್ನ ಮಟ್ಟಿಗೆ ಅದು ತಡವಾಗಿ ಬಂದ ನ್ಯಾಯ. ಆ ಆಲಾಪನೆ ತೆಗೆದರೆ ಅಲ್ಲಿ ಉಳಿಯುವುದು ಪಕ್ಕವಾದ್ಯ ಮಾತ್ರ.

ಹಾಡುಗಳ ನಡುವೆ ಯಾರ್‍ಯಾರದೋ ಮಾತು ಕೇಳಿಸುತ್ತದೆ. ಸ್ಟುಡಿಯೋದಲ್ಲಿ ಸಿಕ್ಕವರಿಗೆಲ್ಲ ವಾಟರ್ಸ್ ಪ್ರಶ್ನೆ ಬರೆದ ಚೀಟಿ ಹಿಡಿಸಿ ಉತ್ತರಗಳನ್ನು ಧ್ವನಿಮುದ್ರಿಸಿದರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಉತ್ತರ ಬಹಳ ಹುಷಾರಿನದಾಯಿತೆಂದು ಕೈಬಿಟ್ಟರು. ಆಲ್ಬಂನ ಕಟ್ಟಕಡೆಯ ಮಾತು ಸಂದದ್ದು ಸ್ಟುಡಿಯೋ ಬಾಗಿಲು ಕಾಯುತ್ತಿದ್ದ ಐರಿಷ್ ಮನುಷ್ಯ ಗೆರಿ ಓಡ್ರಿಸ್ಕಾಲ್‌ಗೆ. ಗರ್ಭಗುಡಿಯ ದೇವರನ್ನು ಬಿಟ್ಟು ಜಯವಿಜಯರನ್ನು ಮಾತಾಡಿಸಿದ ಹಾಗೆ!

ಇನ್ನು ಚಂದ್ರ ಯಾಕೆ? ನಮ್ಮ ಜ್ಯೋತಿಷ್ಯದಲ್ಲಿ ಚಂದ್ರ ಮನಃಕಾರಕ. ಇಂಗ್ಲಿಷಿನ 'ಲುನಾಟಿಕ್' ಪದವೂ ಚಂದ್ರನ ಲ್ಯಾಟಿನ್ ಹೆಸರಿನಿಂದಲೇ ಬಂದದ್ದು. ಪಿಂಕ್ ಫ್ಲಾಯ್ಡ್ ಕಟ್ಟಿದವರಲ್ಲಿ ಮುಖ್ಯನಾದ ಸಿಡ್ ಬ್ಯಾರೆಟ್ ಕೇಂಬ್ರಿಜ್‌ನ ಹುಡುಗ, ಪ್ರತಿಭಾವಂತ. ಇಪ್ಪತ್ತೆರಡು ತುಂಬುವಷ್ಟರಲ್ಲಿ ಅವನ ಮನಸ್ಸು ಕದಡಿತು. ಎಲ್‌ಎಸ್‌ಡಿ ಸೇವನೆ ಕಾರಣ ಎನ್ನುವವರಿದ್ದಾರೆ. ನಾನು ನೋಡದ ರೋಗಿಗೆ ಕಾಯಿಲೆಯ ಹೆಸರು ಬರೆಯಲಾರೆ. 1968ರಲ್ಲಿ ಗೆಳೆಯರು ಅವನನ್ನು ಬಿಟ್ಟು ಮುಂದೆ ಹೋದರು. ಹೋದರೇ ಹೊರತು ಮರೆಯಲಿಲ್ಲ. ಐದು ವರ್ಷದ ನಂತರ ಬಂದ ಈ ಆಲ್ಬಂನ 'ಬ್ರೇನ್ ಡ್ಯಾಮೇಜ್' ಹಾಡಿನಲ್ಲಿ ಅವನಿದ್ದಾನೆ. ಆ ಹಾಡಿನ ಹುಲ್ಲುಹಾಸು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನದು ಎಂದು ವಾಟರ್ಸ್ ಹೇಳಿದ್ದಾರೆ. ಊರಿನಿಂದ ಬಂದ ಅಪ್ಪ ಅಮ್ಮನನ್ನು ನಾವೆಲ್ಲ ಅಲ್ಲಿಗೆ ಕರೆದೊಯ್ದು ಫೋಟೋ ತೆಗೆಸುತ್ತೇವಲ್ಲ, ಅದೇ. ಅಂಥ ಹುಲ್ಲಿನ ಮೇಲೆ ಕಾಲಿಡುವವನು ಹುಚ್ಚನೋ, ಇಡಬೇಡ ಎನ್ನುವವರು ಹುಚ್ಚರೋ ಎಂಬುದು ಅವರ ಪ್ರಶ್ನೆ. ಹಾಡಿನಲ್ಲಿ ಎಲ್ಲೂ ಗೇಲಿಯಿಲ್ಲ, ಅಯ್ಯೋ ಪಾಪವೂ ಇಲ್ಲ. ನಿನ್ನ ಜಾಗದಲ್ಲಿ ನಾನೂ ಇರಬಹುದಿತ್ತು ಎಂಬ ಭಾವ ಇದೆ. ಬ್ಯಾರೆಟ್ ಆಮೇಲೆ ಕೇಂಬ್ರಿಜ್‌ನಲ್ಲೇ ಚಿತ್ರ ಬರೆಯುತ್ತಾ, ತೋಟ ನೋಡಿಕೊಳ್ಳುತ್ತಾ ಇದ್ದು 2006ರಲ್ಲಿ, ಅರವತ್ತನೇ ವಯಸ್ಸಿನಲ್ಲಿ ತೀರಿಕೊಂಡ.

ಇದನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣವಿದೆ. ನಮ್ಮವರು ಎದೆನೋವು ಎಂದು ಬರುತ್ತಾರೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಸರಿ ಇರುತ್ತದೆ. ಇನ್ನೊಂದು ಹತ್ತು ನಿಮಿಷ ಕೂಡಿಸಿಕೊಂಡರೆ ನಿದ್ದೆಯಿಲ್ಲದ ರಾತ್ರಿಗಳು, ಮಾತು ಬಿಟ್ಟ ಮಗ, ಕಾರಣವಿಲ್ಲದ ಅಳು ಒಂದೊಂದಾಗಿ ಹೊರಬರುತ್ತವೆ. ಡಿಪ್ರೆಶನ್ ಎಂದ ಕೂಡಲೇ "ಅಯ್ಯೋ ಡಾಕ್ಟ್ರೇ, ಸಂಘದಲ್ಲಿ ಯಾರಿಗೂ ಹೇಳ್ಬೇಡಿ" ಅನ್ನುತ್ತಾರೆ. ಬೈಪಾಸ್ ಆಪರೇಷನ್ನಿನ ಗಾಯವನ್ನು ಅಂಗಿ ಬಿಚ್ಚಿ ತೋರಿಸುವವರೇ ಇವರು! ಐವತ್ತು ವರ್ಷದ ಹಿಂದೆ ನಾಲ್ಕು ಹುಡುಗರು ತಮ್ಮ ಗೆಳೆಯನ ಅವಸ್ಥೆಯನ್ನು ಮುಚ್ಚಿಡದೆ ಜಗತ್ತಿನೆದುರು ಹಾಡಿದರು. ಅವರಲ್ಲಿ ರೈಟ್ 2008ರಲ್ಲಿ ಹೋದರು.

ಕೇಳುವ ಮನಸ್ಸಾದರೆ ಫೋನಿನಲ್ಲಿ ಬಿಡಿ ಹಾಡು ಹುಡುಕಬೇಡಿ, ಷಫಲ್ ಬೇಡವೇ ಬೇಡ. ಕಚೇರಿಗೆ ಕೂತಂತೆ 43 ನಿಮಿಷ ಪೂರ್ತಿ ಕೊಡಿ. ಆ ಟೀ ಶರ್ಟಿನ ಮಗನನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ರಾತ್ರಿ ಹೊತ್ತಾದರೆ 'ಟೈಮ್' ಬರುವ ಮೊದಲು ವಾಲ್ಯೂಮ್ ಸ್ವಲ್ಪ ತಗ್ಗಿಸಿ. ಅಷ್ಟೂ ಗಡಿಯಾರಗಳು ಒಮ್ಮೆಲೇ ಹೊಡೆದುಕೊಂಡರೆ ಮಹಡಿಯಲ್ಲಿ ಮಲಗಿರುವ ಅಮ್ಮ ಬೆಳಗಾಯಿತೆಂದು ಎದ್ದು ಕಾಫಿಗೆ ನೀರಿಟ್ಟಾರು.