ನರ್ಸರಿಗೆ ಹೋಗಿ ಲಕ್ಕಿ ಗಿಡ ಕೇಳಿ ನೋಡಿ

ಮೂರು ವರ್ಷದ ಹಿಂದೆ ಅಂಗಳದ ಬದಿಗೆ ಬೇಲಿಯಂತೆ ಇರಲಿ ಎಂದು ಒಂದು ನರ್ಸರಿಯಿಂದ 40 ಕೇಪಳ ಗಿಡ ತಂದೆ. ಒಂದಕ್ಕೆ 80 ರೂಪಾಯಿ, ಒಟ್ಟು 3,200. ಬೇಗನೆ ಹೂ ಬಿಟ್ಟವು, ಗೊಂಚಲು ಗೊಂಚಲು ಕೆಂಪು. ಅಜ್ಜಿ ಹತ್ತಿರ ಹೋಗಿ ಎಲೆ ಮುಟ್ಟಿ ನೋಡಿದರು. "ಇದು ನಮ್ಮ ಗುಡ್ಡೆ ಕೇಪಳ ಅಲ್ಲ ಮಗಾ, ಪೇಟೆದ್ದು. ಇದ್ರಲ್ಲಿ ಹಣ್ಣಾಗ್ಲಿಕ್ಕಿಲ್ಲ" ಅಂದರು. ಹಾಗೇ ಆಯಿತು. ಇವತ್ತಿನವರೆಗೆ ಒಂದು ಹಣ್ಣು ಕಟ್ಟಿಲ್ಲ, ಒಂದು ಪಿಕಳಾರ ಬಂದು ಕೂತಿಲ್ಲ. ನಾನು ತಂದದ್ದು ಕುಳ್ಳ ಹೈಬ್ರಿಡ್ ಇಕ್ಸೋರಾ. ನಾಲ್ಕು ವರ್ಷ ತೋಟಗಾರಿಕೆ ಓದಿದವನು ನಾನು. ಒಂದು ಪ್ರಶ್ನೆ ಕೇಳದೆ ದುಡ್ಡು ಕೊಟ್ಟು ಬಂದಿದ್ದೆ.

ನರ್ಸರಿಯವರನ್ನು ಬೈಯುವುದು ಸುಲಭ. ಆದರೆ ಅವರು ಮಾರುವುದು ನಾವು ಕೇಳಿದ್ದನ್ನು. ಯಾವ ನರ್ಸರಿಗೆ ಹೋದರೂ ಎದುರಿನ ಸಾಲಲ್ಲಿ ದುರಾಂತ, ಕ್ರೋಟನ್, ಅಕಾಲಿಫಾ, ಬೋಗನ್‌ವಿಲ್ಲಾ. ಎಲ್ಲವೂ ಹೊರದೇಶದ ಮೂಲದವು. ಹೊರಗಿನದೆಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ಮೆಣಸಿನಕಾಯಿ, ಟೊಮೆಟೊ, ಗೋಡಂಬಿ ಕೂಡ ಹೊರಗಿಂದ ಬಂದವೇ. ಆದರೆ ಇಂದು ಬಂಡೀಪುರದ ಕಾಡನ್ನು ಮುತ್ತಿಕೊಂಡಿರುವ ಲಂಟಾನವೂ ನಮ್ಮ ದೇಶಕ್ಕೆ ಬಂದದ್ದು ಚಂದದ ತೋಟದ ಗಿಡ ಅಂತಲೇ. ಅದನ್ನು ನೆನಪಿಟ್ಟುಕೊಂಡರೆ ಸಾಕು.

ನಾಟಿ ಪೊದೆಗಿಡ ಬೇಕು ಎನ್ನುವುದಕ್ಕೆ ನನ್ನ ಕಾರಣ ಬರೀ ಅಭಿಮಾನ ಅಲ್ಲ, ಲೆಕ್ಕ. ಲಕ್ಕಿ ಮತ್ತು ಆಡುಸೋಗೆಯನ್ನು ದನ, ಆಡು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಹಾಗಾಗಿ ಬೇಲಿಗೆ ಹೇಳಿ ಮಾಡಿಸಿದ್ದು. ಅದೇ ಎಲೆ ದಶಪರ್ಣಿ ಕಷಾಯಕ್ಕೂ ಆಗುತ್ತದೆ. ಲಕ್ಕಿ ಹೂ ಬಿಟ್ಟಾಗ ಜೇನು ತುಂಬಿರುತ್ತದೆ. ಕರಂಡೆಯ ಮುಳ್ಳು ಬೇಲಿ ಕಾಯುತ್ತದೆ, ಕಾಯಿ ಉಪ್ಪಿನಕಾಯಿಗೆ. ಗುಡ್ಡೆ ಕೇಪಳದ ಹಣ್ಣು ಮಕ್ಕಳಿಗೂ ಹಕ್ಕಿಗೂ, ಹೂ ತಂಬುಳಿಗೆ. ದುರಾಂತ ಇದರಲ್ಲಿ ಯಾವುದನ್ನು ಕೊಡುತ್ತದೆ?

ಒಂದು ಎಚ್ಚರಿಕೆ. 'ನಾಟಿ' ಅಂದರೆ ಕರ್ನಾಟಕದ್ದು ಅಂತಷ್ಟೇ ಅಲ್ಲ, ನಿಮ್ಮ ಮಣ್ಣಿನದು ಅಂತ. ತಂಗಡಿ ಬಯಲುಸೀಮೆಯ ಒಣ ನೆಲದಲ್ಲಿ ಬಂಗಾರದಂತೆ ಹೂ ಬಿಡುತ್ತದೆ. ವರ್ಷಕ್ಕೆ 3,500 ಮಿ.ಮೀ. ಮಳೆ ಸುರಿಯುವ ನಮ್ಮ ಕರಾವಳಿ ಅದರ ಜಾಗ ಅಲ್ಲ. ನಿಮ್ಮ ಊರಿನ ಹಳೇ ಬೇಲಿಯಲ್ಲಿ, ಗುಡ್ಡದ ಅಂಚಲ್ಲಿ ಏನಿದೆ ಎಂದು ಮೊದಲು ನೋಡಿ. ಎಲೆ, ಹೂ, ಕಾಯಿಯ ಫೋಟೊ ತೆಗೆದು ಮನೆಯ ಹಿರಿಯರಿಗೆ ತೋರಿಸಿ. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಕರ್ನಾಟಕ ಸಸ್ಯಗಳ ವೆಬ್‌ಸೈಟಿನಲ್ಲಿ ಹೋಲಿಸಿ ನೋಡಿ. ಮೊಬೈಲ್ ಇರುವುದು ಇದಕ್ಕೂ ಹೌದು.

ಇನ್ನು ಹುಡುಕುವ ವಿಷಯ. ನರ್ಸರಿಯಲ್ಲಿ ಅಲಂಕಾರಿಕ ಗಿಡಗಳ ಸಾಲು ಬಿಟ್ಟು ಔಷಧಿ ಗಿಡಗಳ ಸಾಲಿಗೆ ಹೋಗಿ. ನಮ್ಮ ಪೊದೆಗಿಡಗಳು ಅಡಗಿ ಕೂತಿರುವುದು ಅಲ್ಲೇ. ಲಕ್ಕಿ, ಆಡುಸೋಗೆ ನನಗೆ ಸಿಕ್ಕಿದ್ದೂ ಅಲ್ಲೇ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಹೆಚ್ಚಾಗಿ ಮರದ ಸಸಿ ಇರುತ್ತವೆ. ಪೊದೆಗಿಡ ಬೇಕಿದ್ದರೆ ಜೂನ್‌ನಲ್ಲಿ ಹೋಗಿ ಕೇಳಿ ಪ್ರಯೋಜನವಿಲ್ಲ. ಮುಂದಿನ ಮಳೆಗಾಲದ ಸಸಿಗೆ ಚಳಿಗಾಲದಲ್ಲೇ ತಯಾರಿ ಶುರುವಾಗುತ್ತದೆ. ಆಗಲೇ ನಾಲ್ಕೈದು ಜನ ರೈತರು ಸೇರಿ ಹೋಗಿ ಬೇಡಿಕೆ ಕೊಡಿ.

ಎಲ್ಲೇ ಕೊಂಡರೂ ಮೂರು ಪ್ರಶ್ನೆ ಕೇಳಿ. ಸಸ್ಯಶಾಸ್ತ್ರದ ಹೆಸರೇನು? ಯಾಕೆಂದರೆ ತಂಗಡಿಗೆ ಇನ್ನೊಂದು ಊರಲ್ಲಿ ಆವರಿಕೆ ಅಂತಾರೆ. ತಾಯಿ ಗಿಡ ಎಲ್ಲಿದೆ? ಹೆಸರೊಂದೇ ಸಾಲದು, ಇಕ್ಸೋರಾ ಕಾಕ್ಸಿನಿಯಾ ಎಂಬ ಹೆಸರಲ್ಲೇ ಕುಳ್ಳ ತಳಿಗಳೂ ಮಾರಾಟವಾಗುತ್ತವೆ. ಬೀಜದ್ದೋ, ಕಡ್ಡಿಯದ್ದೋ? ಒಂದೇ ಗಿಡದ ಕಡ್ಡಿಯಿಂದ ಮಾಡಿದ್ದೆಲ್ಲ ಒಂದೇ ಗಿಡದ ನಕಲು. ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬರಬಹುದು. ನಾನು ಎರಡನೇ ಪ್ರಶ್ನೆಯೊಂದನ್ನು ಕೇಳಿದ್ದರೂ ಆ 3,200 ರೂಪಾಯಿ ಉಳಿಯುತ್ತಿತ್ತು.

ಸಿಗಲೇ ಇಲ್ಲವಾ? ನೀವೇ ಮಾಡಿ. ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ ಲಕ್ಕಿ ಕಡ್ಡಿಯನ್ನು ಮಳೆ ಹಿಡಿದ ಮೇಲೆ ಚೀಲಕ್ಕೆ ಊರಿದರೆ ಸುಲಭವಾಗಿ ಬೇರು ಬಿಡುತ್ತದೆ. ಆಡುಸೋಗೆಯೂ ಹಾಗೇ, ಮೂರ್ನಾಲ್ಕು ಗಿಣ್ಣು ಇರಲಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರಿಗೆ ಹಾಕಿ ಒಂದು ರಾತ್ರಿ ಬಿಟ್ಟು ಬಿತ್ತಿ. ಕೇಪಳ, ಕರಂಡೆಯ ಬೀಜ ಇಟ್ಟುಕೊಳ್ಳಬೇಡಿ. ಹಣ್ಣು ಹಿಸುಕಿ, ತೊಳೆದು, ಹಸಿಯಾಗಿರುವಾಗಲೇ ಹಾಕಿ. ಕಾಡಿನಿಂದ ಗಿಡ ಕಿತ್ತು ತರುವುದು ಮಾತ್ರ ಬೇಡವೇ ಬೇಡ. ಮೀಸಲು ಅರಣ್ಯದಲ್ಲಿ ಅದು ಅಪರಾಧ, ಕಿತ್ತು ತಂದದ್ದು ಹೆಚ್ಚಾಗಿ ಬದುಕುವುದೂ ಇಲ್ಲ. ಪಕ್ಕದ ಮನೆಯ ಬೇಲಿಯಿಂದ, ಕೇಳಿಕೊಂಡು, ನಾಲ್ಕು ಕಡ್ಡಿ ಸಾಕು.

ಕಳೆದ ಮಳೆಗಾಲದಲ್ಲಿ ನಾನು 60 ಲಕ್ಕಿ ಕಡ್ಡಿ ಊರಿದ್ದೆ. 47 ಬದುಕಿದವು. ನನ್ನ ಬೇಲಿಗೆ ಬೇಕಾದಷ್ಟು ಇಟ್ಟುಕೊಂಡು 20 ಗಿಡವನ್ನು ಊರಿನ ನರ್ಸರಿಯವರಿಗೇ ಕೊಟ್ಟೆ. "ಯಾರು ತಗೊಳ್ತಾರೆ ಮಾರಾಯ್ರೇ ಇದನ್ನ?" ಅಂತ ನಕ್ಕಿದ್ದರು. 14 ಹೋಗಿವೆ.

ಈ ವಾರ ನಿಮ್ಮ ಹತ್ತಿರದ ನರ್ಸರಿಗೆ ಹೋಗಿ ಲಕ್ಕಿ ಗಿಡ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಮುಂದಿನ ತಿಂಗಳು ಮತ್ತೆ ಹೋಗಿ ಕೇಳಿ. ಮೂರನೇ ಸಲಕ್ಕೆ ಅವರೇ ತರಿಸಿಡುತ್ತಾರೆ. ತರಿಸದಿದ್ದರೆ, ಅಷ್ಟರಲ್ಲಿ ನೀವು ಊರಿದ ಕಡ್ಡಿ ಚಿಗುರಿರುತ್ತದೆ.