ನಮ್ಮ ಹೊಟ್ಟೆಯೊಳಗೂ ದುಡಿಯುವವರಿದ್ದಾರೆ



ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಹೊಟೇಲೊಂದರಲ್ಲಿ ಕಪ್ಪುಬಸಿ ತೊಳೆಯಲು ನಿಂತವನು ನಾನು. ಬೆಳಿಗ್ಗೆ ಐದಕ್ಕೆ ಚಹಾ. ಗಿರಾಕಿಗಳ ಗದ್ದಲ ತಗ್ಗಿದ ಮೇಲೆ ಮೂರೂವರೆಗೆ ಬಿಳಿ ಅನ್ನ, ಪಾತ್ರೆಯ ತಳದ ಸಾರು. ಪಲ್ಯವೆಲ್ಲ ಗಿರಾಕಿಯ ತಟ್ಟೆಗೆ. ವರ್ಷ ಕಳೆಯುವುದರೊಳಗೆ ಮಲಬದ್ಧತೆ, ಹೊಟ್ಟೆಯುಬ್ಬರ ನಿತ್ಯದ ಸಂಗಾತಿಗಳಾದವು. "ಊರ ನೀರು ಬಿಟ್ಟದ್ದಕ್ಕೆ ಹೀಗೆ ಮಾರಾಯ" ಎಂದರು ಅಡಿಗೆಯ ಅಣ್ಣ. ನೀರಿನ ಮಾತು ಹಾಗಿರಲಿ. ಊರ ಊಟ ಬಿಟ್ಟದ್ದನ್ನು ನಾವಿಬ್ಬರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ನಮ್ಮ ಮೈಯಲ್ಲಿ ಬ್ಯಾಕ್ಟೀರಿಯಾ ಎಂಬ ಕಣ್ಣಿಗೆ ಕಾಣದ ಜೀವಿಗಳಿವೆ. 2016ರಲ್ಲಿ ವಿಜ್ಞಾನಿಗಳು ಹಾಕಿದ ಅಂದಾಜಿನಂತೆ ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ. ಬಹುಪಾಲು ದೊಡ್ಡ ಕರುಳಿನಲ್ಲಿ. ನಾವು ಅರಗಿಸಲಾರದ ಕಾಳು, ಸೊಪ್ಪು, ತವುಡಿನ ನಾರೇ ಅವುಗಳ ಅನ್ನ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಾಗ ಹುಳಿತು ಉಬ್ಬುವುದನ್ನು ನಾವು ದಿನವೂ ಕಾಣುತ್ತೇವಲ್ಲ? ಅಂಥದೇ ಕೆಲಸ ಕರುಳಿನಲ್ಲಿಯೂ ನಡೆಯುತ್ತದೆ. ನಾರನ್ನು ಹುಳಿಸಿ ಅವು ಬ್ಯುಟಿರೇಟ್ ಮೊದಲಾದ ವಸ್ತುಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಈ ಬ್ಯುಟಿರೇಟೇ ಮುಖ್ಯ ಆಹಾರ.

ಅವನ್ನು ಉಪವಾಸ ಕೆಡವಿದರೆ? ಅದೇ 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟರು. ಹಸಿದ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಯನ್ನೇ ತಿನ್ನತೊಡಗಿದವು. ರೋಗಾಣುಗಳಿಗೆ ದಾರಿ ಸುಲಭವಾಯಿತು. ಇಲಿಗೆ ಆದದ್ದೆಲ್ಲ ಮನುಷ್ಯನಿಗೂ ಹಾಗೆಯೇ ಆಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಹಸಿದ ಕೆಲಸಗಾರ ಎಂಥವನೆಂದು ನಮಗೆ ಗೊತ್ತಿಲ್ಲವೇ?

ನಾರಷ್ಟೇ ಅಲ್ಲ, ಹಣ್ಣು ತರಕಾರಿಗಳ ಒಗರಿನ ಅಂಶಗಳನ್ನೂ ಅವು ಮಾರ್ಪಡಿಸುತ್ತವೆ. ದಾಳಿಂಬೆಯ ಒಗರನ್ನು ಮೈ ನೇರವಾಗಿ ಹೀರಿಕೊಳ್ಳಲಾರದು. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಯುರೊಲಿಥಿನ್ ಎಂಬ ವಸ್ತುವಾಗಿಸಿದಾಗ ಅದು ರಕ್ತಕ್ಕೆ ಸೇರುತ್ತದೆ. ಈ ಕೆಲಸ ಬಲ್ಲ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲಿಯೂ ಇಲ್ಲ. ಆದ್ದರಿಂದ ಒಂದೇ ಹಣ್ಣು ಇಬ್ಬರು ತಿಂದರೆ ಇಬ್ಬರಿಗೂ ಒಂದೇ ಫಲ ಸಿಗಬೇಕೆಂದಿಲ್ಲ. "ಈ ಪುಡಿ ತಿನ್ನಿ, ಸರ್ವರೋಗವೂ ಪರಿಹಾರ" ಎನ್ನುವವರ ಮಾತಿಗೆ ಪಗಾರ ಸುರಿಯಬೇಡಿ.

ಇನ್ನೊಂದು ಎಚ್ಚರಿಕೆ. ಭೇದಿಯಾಯಿತೆಂದು ಡಾಕ್ಟರರನ್ನು ಕೇಳದೆ ಔಷಧದ ಅಂಗಡಿಯಿಂದ ಎರಡು ಆಂಟಿಬಯೋಟಿಕ್ ಗುಳಿಗೆ ತಂದು ನುಂಗುವ ಚಟ ನಮ್ಮಲ್ಲಿದೆ. ಆ ಗುಳಿಗೆ ಶತ್ರು ಮಿತ್ರರೆಂದು ನೋಡುವುದಿಲ್ಲ. ಡಾಕ್ಟರರು ಬರೆದುಕೊಟ್ಟರೆ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ, ತಾವಾಗಿ ಬೇಡ.

ಈಗ ನಮ್ಮ ತಟ್ಟೆಯ ವಿಚಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಾಗಿ ಮುದ್ದೆ, ಜೋಳದ ರೊಟ್ಟಿ, ಹುರುಳಿ ಸಾರು, ಹರಿವೆ ಸೊಪ್ಪು—ಬಡವರ ಊಟವೆಂದು ನಾವು ನಾಚಿ ಬಿಟ್ಟದ್ದು ಇದನ್ನೇ.

ಊಟ ವಸತಿ ಕೊಡುತ್ತೇವೆಂದು ಹೇಳಿ ಸಂಬಳ ಇಳಿಸುವ ಮಾಲಕರಿದ್ದಾರೆ. ಹಾಗಾದರೆ ಆ ಊಟ ದಾನವಲ್ಲ, ನಮ್ಮ ಸಂಬಳದ ಒಂದು ಭಾಗ. ಅದು ಎಂಥದಿರಬೇಕೆಂದು ಕೇಳಲು ನಮಗೆ ಹಕ್ಕಿದೆ. ಮುಂದಿನ ಸಲ ಪಗಾರದ ಮಾತು ಬಂದಾಗ ಇದನ್ನೂ ಸೇರಿಸೋಣ: ದಿನಕ್ಕೊಮ್ಮೆ ಕಾಳಿನ ಸಾರು, ಒಂದು ಪಲ್ಯ, ಕುಳಿತು ಉಣ್ಣಲು ಅರ್ಧ ಗಂಟೆ. ಊರಿಗೆಲ್ಲ ಬಡಿಸುವ ಕೈಗೆ ಇಷ್ಟು ಕೇಳಲು ಸಂಕೋಚವೇಕೆ?